ಸಮುದ್ರಕ್ಕೂ ಹಗ್ಗ ಕಟ್ಟಿದ್ರಾ?

ಮೊನ್ನೆ ರಾತ್ರಿ ಊಟ ಮುಗಿಸಿ ಪಾತ್ರೆ ಜೋಡಿಸುತ್ತಿದ್ದಾಗ ಫೋನ್ ಬಂತು. ಹೋದ ವರ್ಷವಷ್ಟೇ ಮೈಸೂರಿನಿಂದ ಅಮೆರಿಕದ ನಮ್ಮ ಶಾರ್ಲೆಟ್‌ಗೆ ಬಂದ ಹುಡುಗಿ. "ಅಕ್ಕಾ, ಜುಲೈನಲ್ಲಿ ಮರ್ಟಲ್ ಬೀಚ್‌ಗೆ ಹೋಗೋಣ ಅಂತಿದೀವಿ. ಅತ್ತೆ ಮಾವನೂ ಬಂದಿರ್ತಾರೆ. ಹೇಗಿದೆ ಅಲ್ಲಿ?" ಅಂದಳು. ಹೋಟೆಲ್ ರೇಟು, ಪಾರ್ಕಿಂಗ್, ಇಡ್ಲಿ ಹಿಟ್ಟು ಉಕ್ಕದ ಹಾಗೆ ಒಯ್ಯುವುದು ಹೇಗೆ, ಎಲ್ಲ ಹೇಳಿದೆ. ಅವಳು ಒಂದು ಗಳಿಗೆ ಸುಮ್ಮನಿದ್ದು, "ಅದಲ್ಲ ಅಕ್ಕಾ. ಜನ ಹೇಗೆ? ನಮ್ಮತ್ತೆ ಸೀರೇನೇ ಉಡೋದು," ಅಂದಳು.

ಓ, ಅದಾ.

"ಏನೂ ಆಗಲ್ಲ, ಹೋಗ್ಬನ್ನಿ," ಅಂದೆ. ಸುಳ್ಳು ಹೇಳಲಿಲ್ಲ. ಪೂರ್ತಿಯಾಗಿ ಹೇಳಲೂ ಇಲ್ಲ. ಹತ್ತು ಹನ್ನೆರಡು ವರ್ಷದಲ್ಲಿ ಆರೇಳು ಸಲ ಹೋಗಿ ಬಂದ ಜಾಗ ಅದು. ಫೋನಿನಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅವಳೂ ಓದಲಿ.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಮರ್ಟಲ್ ಬೀಚ್ ಇರುವುದು ಸೌತ್ ಕೆರೊಲಿನಾದಲ್ಲಿ, ಅಟ್ಲಾಂಟಿಕ್ ದಡದಲ್ಲಿ. ಸುಮಾರು 60 ಮೈಲಿ ಉದ್ದಕ್ಕೂ ಒಂದೇ ಸಮ ಮರಳು. ಸಾಲಾಗಿ ಎತ್ತೆತ್ತರದ ಹೋಟೆಲುಗಳು, ಪ್ಯಾನ್‌ಕೇಕ್ ಅಂಗಡಿಗಳು, ಮಿನಿ ಗಾಲ್ಫ್, 2011ರಲ್ಲಿ ಬಂದ ಒಂದು ದೊಡ್ಡ ಜೈಂಟ್ ವೀಲ್. ಶ್ರೀಮಂತರ ಜಾಗವಲ್ಲ. ಮಧ್ಯಮ ವರ್ಗದವರು ಮಕ್ಕಳು ಮರಿ ಕಟ್ಟಿಕೊಂಡು, ತಿಂಡಿ ತೀರ್ಥ ಕಾರಿಗೆ ತುಂಬಿಕೊಂಡು ಬರುವ ಜಾಗ. ಅದಕ್ಕೇ ನನಗೆ ಇಷ್ಟ.

ಎರಡು ಬೇಸಿಗೆ ಹಿಂದೆ ಅಮ್ಮನನ್ನು ಕರೆದುಕೊಂಡು ಹೋಗಿದ್ದೆವು. ನಾನು, ನಮ್ಮ ಮನೆಯವರು, ಹನ್ನೆರಡು ವರ್ಷದ ಮಗಳು, ಅಮ್ಮ. ಶಾರ್ಲೆಟ್‌ನಿಂದ 74ನೇ ಹೈವೇ ಹಿಡಿದು ಮನ್ರೋ, ವೇಡ್ಸ್‌ಬರೋ, ರಾಕಿಂಗ್‌ಹ್ಯಾಮ್ ದಾಟಿ, ಆಮೇಲೆ ದಕ್ಷಿಣಕ್ಕೆ ಇಳಿದು 501 ಸೇರಬೇಕು. ದಾರಿಯುದ್ದಕ್ಕೂ ಸಣ್ಣ ಸಣ್ಣ ಊರು. ಒಂದು ಗ್ಯಾಸ್ ಸ್ಟೇಷನ್‌ನಲ್ಲಿ ಅಮ್ಮ ಬಾತ್‌ರೂಮಿಗೆ ಅಂತ ಒಳಗೆ ಹೋದಳು. ಹಸಿರು ಸೀರೆ, ಕೆಂಪು ಅಂಚು, ಕಾಲಿಗೆ ಸ್ಪೋರ್ಟ್ಸ್ ಶೂ. ಅಲ್ಲಿ ಕಾಫಿ ಕುಡಿಯುತ್ತಿದ್ದ ನಾಲ್ಕು ಜನ ಮಾತು ನಿಲ್ಲಿಸಿದರು. ಎರಡು ಸೆಕೆಂಡ್ ಇರಬಹುದು. ಮತ್ತೆ ಮಾತಾಡಿಕೊಂಡರು. ಅಷ್ಟೇ. ಚಳ್ಳಕೆರೆ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಬಿಳಿ ಹೆಂಗಸು ಚಡ್ಡಿ ಹಾಕಿಕೊಂಡು ಇಳಿದರೆ ಅದಕ್ಕಿಂತ ಜಾಸ್ತಿ ನೋಡುತ್ತಾರೆ ಅಂತ ಗೊತ್ತು. ಆದರೂ ಆ ಎರಡು ಸೆಕೆಂಡ್ ಕಾರಿನಲ್ಲಿ ನನ್ನ ಜೊತೆ ಹತ್ತು ಮೈಲಿ ಬಂತು.

ಅಮ್ಮನಿಗೆ ಅದರ ಪರಿವೆಯೇ ಇಲ್ಲ. ಯಾಕೆಂದರೆ ಮುಂದಿನ ತಿರುವಿನಲ್ಲಿ ಅವಳಿಗೆ ಒಂದು ಮರದ ಪೆಟ್ಟಿಗೆ ಅಂಗಡಿ ಕಂಡಿತು. ದೊಡ್ಡ ಹಂಡೆಯಲ್ಲಿ ಕುದಿಯುತ್ತಿರುವ ಶೇಂಗಾ! ಈ ರಾಜ್ಯದಲ್ಲಿ ಬೇಯಿಸಿದ ಶೇಂಗಾಕ್ಕೆ ಸರ್ಕಾರಿ ಮರ್ಯಾದೆ ಇದೆ. 2006ರಲ್ಲಿ ಕಾನೂನು ಮಾಡಿ ಅದನ್ನು ರಾಜ್ಯದ ಅಧಿಕೃತ ಕುರುಕಲು ತಿಂಡಿ ಮಾಡಿದ್ದಾರೆ. ಅಮ್ಮ ಹುಟ್ಟಿ ಬೆಳೆದದ್ದು ಚಳ್ಳಕೆರೆ ಸೀಮೆಯಲ್ಲಿ. ಶೇಂಗಾ ಎಣ್ಣೆ ಗಿರಣಿಗಳ ಊರು. ಸಿಪ್ಪೆ ಸಮೇತ ಉಪ್ಪು ಹಾಕಿ ಬೇಯಿಸಿದ್ದನ್ನು ಅಮೆರಿಕದ ಹೆದ್ದಾರಿ ಪಕ್ಕ ನೋಡಿ ಅವಳಿಗೆ ಆದ ಖುಷಿಯನ್ನು ವೈಟ್ ಹೌಸ್ ಕೂಡ ಕೊಟ್ಟಿರಲಿಲ್ಲ. ಒಂದು ದೊಡ್ಡ ಪೊಟ್ಟಣ ತಗೊಂಡಳು. ಒಂದು ಕಾಯಿ ಬಾಯಿಗೆ ಹಾಕಿ, "ಬೆಂದಿದ್ದು ಜಾಸ್ತಿ ಆಯ್ತು," ಅಂದಳು. ಅಂದಮೇಲೆ ನಿಲ್ಲಿಸದೆ ತಿಂದಳು.

ಬೀಚಿನಲ್ಲಿ ಮೊದಲ ದಿನವೇ ಒಂದು ರಗಳೆ. ಅಮ್ಮನಿಗೆ ನೆರಳು ಬೇಕು ಅಂತ ನಾವು ನಾಲ್ಕು ಕಾಲಿನ ಟೆಂಟ್ ಒಯ್ದಿದ್ದೆವು. ಬಿಚ್ಚಿ ನಿಲ್ಲಿಸಿ ಐದು ನಿಮಿಷ ಆಗಿಲ್ಲ, ಬೀಚ್ ಪಟ್ರೋಲ್ ಹುಡುಗ ಬಂದ. "ಮ್ಯಾಮ್, ಇದನ್ನು ತೆಗೀಬೇಕು." ನನ್ನ ಮೈ ಉರಿಯಿತು. ಇಷ್ಟು ಜನರಲ್ಲಿ ನಾವೇ ಕಂಡೆವಾ? ಬಾಯಿ ತೆರೆಯುವ ಮೊದಲು ಸುತ್ತ ನೋಡಿದೆ. ಕಣ್ಣು ಹಾಯುವವರೆಗೂ ಒಂದೇ ಒಂದು ಟೆಂಟ್ ಇಲ್ಲ. ಬರೀ ದುಂಡನೆಯ ಕೊಡೆಗಳು. ಬೇಸಿಗೆಯಲ್ಲಿ ಅಲ್ಲಿ ಟೆಂಟ್ ಹಾಕುವ ಹಾಗಿಲ್ಲ, ಕೊಡೆ ಮಾತ್ರ. ಎಲ್ಲರಿಗೂ ಒಂದೇ ರೂಲ್. ಆ ಹುಡುಗ ನಮ್ಮ ಮನೆಯವರ ಜೊತೆ ಸೇರಿ ಟೆಂಟ್ ಮಡಚಿಕೊಟ್ಟ. ಹೋಗುವಾಗ ಅಮ್ಮನಿಗೆ ನೀರು ಜಾಸ್ತಿ ಕುಡಿಯಲು ಹೇಳಿ ಹೋದ. ನನಗೆ ನಾಚಿಕೆ ಆಯಿತು.

ಆದರೆ ಸಂಜೆ ಹೋಟೆಲಿನ ಈಜುಕೊಳದಲ್ಲಿ ಇನ್ನೊಂದಾಯಿತು. ನಾನು ಉದ್ದ ತೋಳಿನ ಟೀಶರ್ಟ್, ಕಾಲು ಮುಚ್ಚುವ ಲೆಗಿಂಗ್ಸ್ ಹಾಕಿಕೊಂಡು ಮಗಳ ಜೊತೆ ನೀರಿಗೆ ಇಳಿದಿದ್ದೆ. ಕೊಳದ ಉಸ್ತುವಾರಿಯ ಹೆಂಗಸು ಬಂದು, ಈಜುಡುಗೆ ಇಲ್ಲದಿದ್ದರೆ ಮೇಲೆ ಬನ್ನಿ, ನೂಲಿನ ಬಟ್ಟೆಯಿಂದ ಫಿಲ್ಟರ್ ಕಟ್ಟಿಕೊಳ್ಳುತ್ತದೆ ಅಂದಳು. ನನ್ನದು ನೈಲಾನ್ ಅಂದೆ. ನಗುತ್ತಲೇ ಬೋರ್ಡ್ ತೋರಿಸಿದಳು. ಸರಿ, ಮೇಲೆ ಬಂದೆ. ಟವೆಲ್ ಸುತ್ತಿಕೊಂಡು ಕೂತು ನೋಡಿದರೆ, ನಾನಿದ್ದ ಜಾಗದಿಂದ ಆರಡಿ ದೂರದಲ್ಲಿ ಒಬ್ಬ ಬಿಳಿ ಹುಡುಗ ತನ್ನ ಕಾಲೇಜಿನ ಹೆಸರು ಬರೆದ ದಪ್ಪ ಕಾಟನ್ ಟೀಶರ್ಟ್ ಹಾಕಿಕೊಂಡು ಮುಳುಗಿ ಏಳುತ್ತಿದ್ದ. ಅವನಿಗೆ ಯಾರೂ ಏನೂ ಹೇಳಲಿಲ್ಲ. ಹೇಳಿದ್ದರೋ, ನಾನು ನೋಡಲಿಲ್ಲವೋ. ಅವನು ಆಗಷ್ಟೇ ಇಳಿದಿದ್ದನೋ.

ಇದೇ ನೋಡಿ ತಲೆನೋವು. ಟೆಂಟಿನ ವಿಷಯದಲ್ಲಿ ನನ್ನ ಅನುಮಾನ ತಪ್ಪು. ಕೊಳದ ವಿಷಯದಲ್ಲಿ? ಇವತ್ತಿಗೂ ಗೊತ್ತಿಲ್ಲ. ಬಾಯಿಬಿಟ್ಟು ಬೈದರೆ ಎದ್ದು ಜಗಳ ಆಡಬಹುದು. ಇಲ್ಲಿ ಬೈಯುವವರು ಯಾರೂ ಸಿಗುವುದಿಲ್ಲ. ನೀವೇ ರಾತ್ರಿ ಮಲಗಿ ಲೆಕ್ಕ ಹಾಕುತ್ತಾ ಇರಬೇಕು. ರಜೆಗೆ ಅಂತ ಹೋದವರಿಗೆ ಈ ಲೆಕ್ಕ ಹಾಕುವ ಕೆಲಸವೇ ಸುಸ್ತು.

ಈಜುಕೊಳ ಅಂದಾಗಲೆಲ್ಲ ನನಗೆ ಒಂದು ಫೋಟೋ ನೆನಪಾಗುತ್ತದೆ. ಫ್ಲಾರಿಡಾದ ಸೇಂಟ್ ಅಗಸ್ಟಿನ್, ಅದೂ ಸಮುದ್ರ ದಡದ ಪ್ರವಾಸಿ ಊರು. 1964ರ ಜೂನ್ 18. ಒಂದು ಮೋಟೆಲಿನ ಕೊಳಕ್ಕೆ ಕರಿಯರೂ ಬಿಳಿಯರೂ ಒಟ್ಟಿಗೆ ಇಳಿದರು, ಪ್ರತಿಭಟನೆಗೆ ಅಂತಲೇ. ಮೋಟೆಲಿನ ಯಜಮಾನ ಕ್ಯಾನ್ ಹಿಡಿದು ಬಂದು ಅವರು ಇದ್ದ ನೀರಿಗೇ ಆ್ಯಸಿಡ್ ಸುರಿದ. ನೀರಿನಲ್ಲಿದ್ದವರ ಮುಖ ಆ ಫೋಟೋದಲ್ಲಿದೆ. ಮರುದಿನ ಸೆನೆಟ್ ನಾಗರಿಕ ಹಕ್ಕುಗಳ ಮಸೂದೆಯನ್ನು ಪಾಸ್ ಮಾಡಿತು. ಜುಲೈ 2ಕ್ಕೆ ಅದು ಕಾನೂನಾಯಿತು. ಹೋಟೆಲು, ಮೋಟೆಲು, ಊಟದ ಜಾಗ ಎಲ್ಲ ಎಲ್ಲರಿಗೂ ತೆರೆಯಬೇಕಾಯಿತು. ಅದಾದ ಮರುವರ್ಷ, 1965ರಲ್ಲಿ, ವಲಸೆ ಕಾನೂನು ಬದಲಾಗಿ ಏಷ್ಯಾದವರಿಗೆ ಬಾಗಿಲು ತೆರೆಯಿತು. ನಮ್ಮಂಥವರು ಇಲ್ಲಿಗೆ ಬಂದದ್ದು ಆ ಬಾಗಿಲಿನಿಂದ. ನನ್ನ ಲೆಗಿಂಗ್ಸ್ ಕಥೆಯನ್ನು ಆ ಆ್ಯಸಿಡ್ಡಿನ ಪಕ್ಕ ಇಟ್ಟು ನೋಡಿದರೆ ಬಾಯಿ ಮುಚ್ಚಿಕೊಳ್ಳಬೇಕು ಅನ್ನಿಸುತ್ತದೆ.

ನಮ್ಮ ಪಾಡು ಇನ್ನೊಂದು ಥರ. ನಾವು ಯಾವ ಸಾಲಿಗೆ ಸೇರಿದವರು ಅಂತ ಇಲ್ಲಿಯವರಿಗೇ ಗೊತ್ತಾಗುವುದಿಲ್ಲ. ನಿಕ್ಕಿ ಹೇಲಿ ಗೊತ್ತಲ್ಲ, ಇದೇ ರಾಜ್ಯದ ಗವರ್ನರ್ ಆಗಿದ್ದವರು. ಪಂಜಾಬಿನಿಂದ ಬಂದ ಸಿಖ್ ದಂಪತಿಯ ಮಗಳು, ಬ್ಯಾಂಬರ್ಗ್ ಎಂಬ ಸಣ್ಣ ಊರಿನವರು. ಅವರು ಚಿಕ್ಕವರಿದ್ದಾಗ ಅಕ್ಕತಂಗಿ ಇಬ್ಬರನ್ನೂ ಊರಿನ ಮಕ್ಕಳ ಸೌಂದರ್ಯ ಸ್ಪರ್ಧೆಗೆ ಸೇರಿಸಿದ್ದರಂತೆ. ಅಲ್ಲಿ ಬಿಳಿ ಹುಡುಗಿಗೊಂದು ಕಿರೀಟ, ಕರಿ ಹುಡುಗಿಗೊಂದು ಕಿರೀಟ. ಇವರು ಎರಡೂ ಅಲ್ಲ. ಹಾಗಾಗಿ ಸ್ಪರ್ಧೆಯಿಂದಲೇ ಕೈಬಿಟ್ಟರು. ಈ ಕಥೆ ಕೇಳಿದಾಗ ನಗು ಬಂತು, ಆಮೇಲೆ ನಗು ನಿಂತಿತು. ಎಷ್ಟೋ ವರ್ಷದ ಮೇಲೆ, 2015ರಲ್ಲಿ, ಚಾರ್ಲ್ಸ್‌ಟನ್ ಚರ್ಚಿನಲ್ಲಿ ಒಂಬತ್ತು ಜನ ಕರಿಯರನ್ನು ಒಬ್ಬ ಗುಂಡಿಟ್ಟು ಕೊಂದ ಮೇಲೆ, ವಿಧಾನಸಭೆಯ ಅಂಗಳದಲ್ಲಿದ್ದ ಕಾನ್ಫೆಡರೇಟ್ ಬಾವುಟ (ಗುಲಾಮಗಿರಿ ಉಳಿಸಿಕೊಳ್ಳಲು ಯುದ್ಧ ಮಾಡಿದ ದಕ್ಷಿಣದ ರಾಜ್ಯಗಳದ್ದು) ಇಳಿಸುವ ಕಾನೂನಿಗೆ ಸಹಿ ಹಾಕಿದ್ದು ಇದೇ ಹೇಲಿ. ನಾವು ಮೊದಲ ಸಲ ಹೋದಾಗ ಆ ಬಾವುಟದ ಚಿತ್ರದ ಟವೆಲ್ ಬೀಚ್ ಅಂಗಡಿಯೊಂದರ ಬಾಗಿಲಲ್ಲೇ ತೂಗುಹಾಕಿದ್ದರು. ಚೆನ್ನಾಗಿದೆ, ಕೆಂಪು ನೀಲಿ ಅಂತ ನಾನು ಅದನ್ನು ಮುಟ್ಟಿ ನೋಡಿದ್ದೆ. ಏನು ಅಂತ ಗೊತ್ತಿರಲಿಲ್ಲ.

ಆ ಸಲ ಉಳಿದದ್ದು ಒಂದು ಸಣ್ಣ ಮೋಟೆಲಿನಲ್ಲಿ. ಕೌಂಟರಿನಲ್ಲಿ ಗುಜರಾತಿ ಆಂಟಿ. ಅಮೆರಿಕದ ಮೋಟೆಲುಗಳಲ್ಲಿ ಅರ್ಧದಷ್ಟು ನಮ್ಮ ದೇಶದವರದ್ದೇ ಅನ್ನುವ ಮಾತಿದೆಯಲ್ಲ, ಅವರಲ್ಲಿ ಒಬ್ಬರು. ಅವರು ಬಂದ ಹೊಸತರಲ್ಲಿ, ಎಂಬತ್ತರ ದಶಕದಲ್ಲಿ, ಎದುರಿನ ಮೋಟೆಲಿನವನು "ಅಮೆರಿಕನ್ ಓನ್ಡ್" ಅಂತ ಬೋರ್ಡ್ ಹಾಕಿದ್ದನಂತೆ. ದಕ್ಷಿಣದ ಹೆದ್ದಾರಿಗಳಲ್ಲಿ ಆಗ ಇಂಥ ಬೋರ್ಡು ಎಷ್ಟೋ ಇದ್ದವು. "ನೀವೇನು ಮಾಡಿದ್ರಿ ಆಂಟಿ?" ಅಂದೆ. "ನಾವು ಐದು ಡಾಲರ್ ಕಡಿಮೆ ಮಾಡಿದ್ವಿ," ಅಂದರು. ಇದಕ್ಕಿಂತ ಒಳ್ಳೆ ಉತ್ತರ ನನಗೆ ಎಲ್ಲೂ ಸಿಕ್ಕಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಇದನ್ನು ಬರೆಯಲು ಸ್ವಲ್ಪ ಮುಜುಗರ.

ನಮ್ಮ ವಾಟ್ಸಾಪ್ ಗುಂಪಿನಲ್ಲಿ ಪ್ರತಿ ಏಪ್ರಿಲ್‌ನಲ್ಲಿ ಒಂದು ಸಲಹೆ ಬರುತ್ತದೆ. "ಮೆಮೋರಿಯಲ್ ಡೇ ವೀಕೆಂಡಲ್ಲಿ ಮರ್ಟಲ್ ಬೀಚ್ ಬೇಡ. ಆ ಟೈಮಲ್ಲಿ ಕ್ರೌಡ್ ಸರಿ ಇರಲ್ಲ. ಫ್ಯಾಮಿಲಿಗೆ ಆಗಲ್ಲ." ಕೆಳಗೆ ಹತ್ತು ಹೆಬ್ಬೆಟ್ಟು. ಅದರಲ್ಲಿ ನನ್ನದೂ ಒಂದು. ಯಾವ ಕ್ರೌಡ್ ಅಂತ ಯಾರೂ ಬರೆಯುವುದಿಲ್ಲ, ಎಲ್ಲರಿಗೂ ಗೊತ್ತು. ಮೇ ಕೊನೆಯ ಆ ವಾರಾಂತ್ಯ ಕರಿಯರ ಬೈಕ್ ಹಬ್ಬ. 1980ರಿಂದ ನಡೆದುಬಂದಿದೆ. ಅದೇ ಮೇ ತಿಂಗಳಲ್ಲಿ, ಅದಕ್ಕಿಂತ ಸ್ವಲ್ಪ ಮೊದಲು ಇನ್ನೊಂದು ಬೈಕ್ ಹಬ್ಬವೂ ಇದೆ. ಅದಕ್ಕೆ ಬರುವವರು ಹೆಚ್ಚಾಗಿ ಹಾರ್ಲೆ ಓಡಿಸುವ ಬಿಳಿಯರು. ಅದರ ಬಗ್ಗೆ ನಮ್ಮ ಗುಂಪಿನಲ್ಲಿ ಒಂದೇ ಒಂದು ಎಚ್ಚರಿಕೆ ಬಂದದ್ದು ನಾನು ನೋಡಿಲ್ಲ.

ಊರಿನವರೂ ಹಾಗೇ ನಡೆದುಕೊಂಡಿದ್ದರು. ಬಿಳಿಯರ ಹಬ್ಬಕ್ಕೆ ರಸ್ತೆ ಎಂದಿನಂತೆ ಎರಡೂ ಕಡೆಗೆ, ಕರಿಯರ ಹಬ್ಬಕ್ಕೆ ಒಂದೇ ಕಡೆಗೆ. ಕೆಲವು ಹೋಟೆಲುಗಳು ಆ ವಾರಾಂತ್ಯಕ್ಕೆ ಬಾಗಿಲೇ ಹಾಕುತ್ತಿದ್ದವು. ಕರಿಯರ ಹಕ್ಕುಗಳ ಹಳೆಯ ಸಂಸ್ಥೆ ಎನ್‌ಎಎಸಿಪಿ 2003ರಲ್ಲಿ ಕೋರ್ಟಿಗೆ ಹೋಯಿತು. 2006ರಲ್ಲಿ ರಾಜಿಯಾಯಿತು. 2014ರ ಆ ವಾರಾಂತ್ಯ ಗುಂಡೇಟಿಗೆ ಮೂವರು ಸತ್ತರು. ಅದು ಸುಳ್ಳಲ್ಲ, ಭಯಕ್ಕೆ ಕಾರಣವೇ ಇಲ್ಲ ಅಂತ ನಾನು ಹೇಳುವುದಿಲ್ಲ. ಮರುವರ್ಷದಿಂದ 23 ಮೈಲಿ ಸುತ್ತಿಸುವ ಟ್ರಾಫಿಕ್ ವ್ಯವಸ್ಥೆ ಬಂತು. ಮತ್ತೆ ಕೋರ್ಟು. 2020ರಲ್ಲಿ ಜ್ಯೂರಿ ಕೊಟ್ಟ ತೀರ್ಪು ವಿಚಿತ್ರವಾಗಿದೆ: ಈ ಯೋಜನೆಯ ಹಿಂದೆ ಜನಾಂಗದ ವಿಷಯವೂ ಒಂದು ಕಾರಣವಾಗಿತ್ತು, ಹೌದು. ಆದರೆ ಅದಿಲ್ಲದಿದ್ದರೂ ನಗರದವರು ಇದನ್ನೇ ಮಾಡುತ್ತಿದ್ದರು. ನನ್ನ ಈಜುಕೊಳದ ಲೆಕ್ಕವೂ ಹೀಗೇ ಅಲ್ವಾ?

ಆ ಬೈಕ್ ಹಬ್ಬದ ತವರು ಮರ್ಟಲ್ ಬೀಚ್ ಅಲ್ಲ. ಅದರ ಉತ್ತರಕ್ಕಿರುವ ಅಟ್ಲಾಂಟಿಕ್ ಬೀಚ್ ಎಂಬ ಪುಟ್ಟ ಊರು. ಆರು ಸಲ ಹೋದರೂ ನಾನು ಅದರ ಹೆಸರೇ ಕೇಳಿರಲಿಲ್ಲ. ಮಗಳು ಶಾಲೆಯ ಪ್ರಾಜೆಕ್ಟಿಗೆ ಅಂತ ಹುಡುಕಿ, "ಅಮ್ಮಾ, ಇಲ್ಲಿಗೆ ಹೋಗೋಣ," ಅಂದಳು. ಮೂರನೇ ದಿನ ಹೊರಟೆವು.

ಹೋಗುವ ದಾರಿಯೇ ಅರ್ಧ ಕಥೆ ಹೇಳುತ್ತದೆ. ಅಕ್ಕಪಕ್ಕದ ಬೀಚುಗಳಲ್ಲಿ ಸಮುದ್ರದ ಗುಂಟ ರಸ್ತೆ ಹೋಗುತ್ತದೆ. ಅಟ್ಲಾಂಟಿಕ್ ಬೀಚಿನ ಗಡಿ ಬಂದ ಕೂಡಲೇ ರಸ್ತೆ ನಿಂತುಬಿಡುತ್ತದೆ. ಕಣ್ಣೆದುರೇ ಆ ಕಡೆಯ ಮನೆ ಕಾಣುತ್ತದೆ, ಕಾರು ಹೋಗುವ ಹಾಗಿಲ್ಲ. ವಾಪಸ್ 17ನೇ ಹೈವೇಗೆ ಬಂದು ಸುತ್ತಿ ಒಳಗೆ ಹೋಗಬೇಕು. 1968ರಲ್ಲಿ ಸುತ್ತಲಿನ ನಾಲ್ಕು ಬೀಚ್ ಊರುಗಳು ಸೇರಿ ನಾರ್ತ್ ಮರ್ಟಲ್ ಬೀಚ್ ಆದವು. ಅಟ್ಲಾಂಟಿಕ್ ಬೀಚ್ ಸೇರಲಿಲ್ಲ. 1966ರಲ್ಲಷ್ಟೇ ತನ್ನದೇ ಪುರಸಭೆ ಮಾಡಿಕೊಂಡಿತ್ತು, ಅದನ್ನು ಬಿಟ್ಟುಕೊಡಲು ಇಷ್ಟಪಡಲಿಲ್ಲ. ಈಗಲೂ ಮೂರು ಕಡೆ ಅವರು, ಒಂದು ಕಡೆ ಸಮುದ್ರ.

1934ರಲ್ಲಿ ಜಾರ್ಜ್ ಟೈಸನ್ ಎಂಬ ಕರಿಯ ವ್ಯಾಪಾರಿ ಇಲ್ಲಿ ಜಮೀನು ಕೊಂಡರು. ಆಗ ಮರ್ಟಲ್ ಬೀಚಿನ ಹೋಟೆಲುಗಳಲ್ಲಿ ಹಾಸಿಗೆ ಹಾಸುವವರು, ಅಡುಗೆ ಮಾಡುವವರು, ಪಾತ್ರೆ ತೊಳೆಯುವವರು ಕರಿಯರೇ. ಆದರೆ ಹೋಟೆಲಿನ ಎದುರಿನ ಸಮುದ್ರಕ್ಕೆ ಅವರು ಕಾಲಿಡುವ ಹಾಗಿರಲಿಲ್ಲ. ರಜೆ ಸಿಕ್ಕಾಗ ಅವರು ಬರುತ್ತಿದ್ದದ್ದು ಇಲ್ಲಿಗೆ. ಮೋಟೆಲು, ಡಾನ್ಸ್ ಕ್ಲಬ್ಬು, ಮೀನಿನ ಅಂಗಡಿ ಎಲ್ಲ ಎದ್ದವು. ಕಪ್ಪು ಮುತ್ತು ಅಂತ ಹೆಸರಾಯಿತು. ಗಡಿಯಲ್ಲಿ ಹಗ್ಗ ಕಟ್ಟಿದ್ದರು. ಮರಳಿನ ಮೇಲೆ ಅಷ್ಟೇ ಅಲ್ಲ, ನೀರಿನೊಳಗೂ. ಇಲ್ಲಿ ಈಜುವವರು ಆ ಕಡೆ ತೇಲಿ ಹೋಗಬಾರದು ಅಂತ.

ಹಾಗಂತ ಬಿಳಿಯರು ಕರಿಯರ ಕಡೆ ಬರುತ್ತಿರಲಿಲ್ಲವಾ? ಬರುತ್ತಿದ್ದರು, ಹಾಡು ಕೇಳಲಿಕ್ಕೆ. ಮರ್ಟಲ್ ಬೀಚಿನಲ್ಲೇ ಕರಿಯರಿದ್ದ ಕಾರ್ವರ್ ಸ್ಟ್ರೀಟಿನಲ್ಲಿ ಚಾರ್ಲಿ ಫಿಟ್ಜೆರಾಲ್ಡ್ ಎಂಬುವರ ಕ್ಲಬ್ ಇತ್ತು. ದೊಡ್ಡ ದೊಡ್ಡ ಕರಿಯ ಸಂಗೀತಗಾರರು ಬಿಳಿಯರ ಹೋಟೆಲಿನಲ್ಲಿ ಹಾಡಿ, ಅಲ್ಲಿ ಮಲಗಲು ಜಾಗ ಸಿಗದೆ, ರಾತ್ರಿ ಇವರ ಮೋಟೆಲಿಗೆ ಬರುತ್ತಿದ್ದರು. ಕ್ಲಬ್ಬಿಗೆ ಬಿಳಿ ಹುಡುಗ ಹುಡುಗಿಯರೂ ಬಂದು ಕುಣಿಯುತ್ತಿದ್ದರು. ಅದನ್ನು ಕರಿಯರನ್ನು ಹಿಂಸಿಸುತ್ತಿದ್ದ ಬಿಳಿಯರ ಗುಪ್ತ ಗುಂಪು ಕೂ ಕ್ಲಕ್ಸ್ ಕ್ಲಾನ್‌ನವರಿಗೆ ಸಹಿಸಲಾಗಲಿಲ್ಲ. 1950ರ ಆಗಸ್ಟ್ 26ರ ರಾತ್ರಿ ಕಾರುಗಳ ಸಾಲಿನಲ್ಲಿ ಬಂದು ಕ್ಲಬ್ಬಿಗೆ ಗುಂಡಿನ ಮಳೆ ಸುರಿಸಿದರು. ಚಾರ್ಲಿಯನ್ನು ಹೊತ್ತೊಯ್ದು ಹೊಡೆದು ಕಿವಿ ಕೊಯ್ದರು. ದಾಳಿ ಮಾಡಿದವರಲ್ಲೂ ಒಬ್ಬ ಸತ್ತ. ಅವನ ಬಿಳಿ ನಿಲುವಂಗಿ ತೆಗೆದು ನೋಡಿದರೆ ಒಳಗೆ ಪೊಲೀಸ್ ಯೂನಿಫಾರ್ಮ್. ಕ್ಲಾನ್‌ನವರಿಗೆ ಶಿಕ್ಷೆ ಆಗಲಿಲ್ಲ. ಆ ಮೋಟೆಲನ್ನು ನಗರದವರು ಈಗ ದುರಸ್ತಿ ಮಾಡಿ ಉಳಿಸಿದ್ದಾರೆ. ಜೈಂಟ್ ವೀಲಿನಿಂದ ಕಾರಿನಲ್ಲಿ ಕೆಲವೇ ನಿಮಿಷ. ನಾವು ಪ್ರತಿ ಸಲ ಅದರ ಹತ್ತಿರದಲ್ಲೇ ಪ್ಯಾನ್‌ಕೇಕ್ ತಿಂದು ಬಂದಿದ್ದೇವೆ.

ಅಟ್ಲಾಂಟಿಕ್ ಬೀಚ್ ಈಗ ಖಾಲಿ ಖಾಲಿ. ನಾಲ್ಕೈದು ಬೀದಿ, ಹುಲ್ಲು ಬೆಳೆದ ಸೈಟುಗಳು, ಬಣ್ಣ ಹೋದ ಒಂದೆರಡು ಕಟ್ಟಡ. ಮೊದಲು 1954ರ ಹೇಜಲ್ ಚಂಡಮಾರುತ ಬಡಿಯಿತು. ಆಮೇಲೆ, ವಿಚಿತ್ರ ನೋಡಿ, ಹಕ್ಕು ಸಿಕ್ಕಿದ್ದೇ ವ್ಯಾಪಾರಕ್ಕೆ ಪೆಟ್ಟು ಕೊಟ್ಟಿತು. ಎಲ್ಲ ಬೀಚಿಗೂ ಹೋಗಬಹುದು ಅಂದಮೇಲೆ ಜನ ಎಲ್ಲ ಕಡೆ ಹೋದರು. ಎರಡೂ ಬದಿಗೆ ಆಕಾಶ ಮುಟ್ಟುವ ಹೋಟೆಲುಗಳು, ನಡುವೆ ಇದೊಂದು ಬಾಯಿಯಲ್ಲಿ ಬಿದ್ದ ಹಲ್ಲಿನ ಜಾಗದ ಹಾಗೆ.

ಮಗಳು ಫೋನಿನಲ್ಲಿ ಓದಿದ್ದನ್ನು ಅಜ್ಜಿಗೆ ಕನ್ನಡದಲ್ಲಿ ಹೇಳಿದಳು. ಅಮ್ಮ ನೀರಿನ ಅಂಚಿನಲ್ಲಿ ಸೀರೆ ಎತ್ತಿ ಸಿಕ್ಕಿಸಿಕೊಂಡು ನಿಂತಿದ್ದಳು.

"ಸಮುದ್ರಕ್ಕೂ ಹಗ್ಗ ಕಟ್ಟಿದ್ರಾ?" ಅಂತ ನಕ್ಕಳು. "ಎಂಥ ಮಂದಿ!"

ಎರಡು ಅಲೆ ಬಂದು ಹೋದವು. ಆಮೇಲೆ ಅವಳೇ ಅಂದಳು. "ನಮ್ಮ ಸೇದೋ ಬಾವಿ ಇತ್ತಲ್ಲ, ಅದರ ಹಗ್ಗ ಕೇರಿಯವರು ಮುಟ್ಟೋ ಹಾಗಿರಲಿಲ್ಲ."

ನನಗೆ ಆ ಬಾವಿ ನೆನಪಿದೆ. ಕಲ್ಲಿನ ಕಟ್ಟೆ, ಕಿರುಗುಟ್ಟುವ ರಾಟೆ. ಕಟ್ಟೆಯಿಂದ ಆಚೆ, ಜಾಲಿ ಮರದ ಕೆಳಗೆ, ಒಂದಿಬ್ಬರು ಹೆಂಗಸರು ಕೊಡ ಇಟ್ಟುಕೊಂಡು ಕೂತಿರುತ್ತಿದ್ದರು. ಯಾರಾದರೂ ಸೇದಿ ಮೇಲಿಂದ ಹೊಯ್ಯುವವರೆಗೂ ಕೂತಿರಬೇಕು. ಅಮ್ಮ ದಿನಾ ಎರಡು ಕೊಡ ಹೊಯ್ದು ಬರುತ್ತಿದ್ದಳು. ಅದನ್ನು ನಾವು ಅಮ್ಮನ ಒಳ್ಳೆಯತನ ಅಂತಲೇ ತಿಳಿದಿದ್ದೆವು. "ಹಗ್ಗ ಕೊಟ್ಟಿದ್ರೆ ಅವರೇ ಸೇದ್ಕೋತಿದ್ರು. ನಂಗೂ ತೋಳು ನೋವು ತಪ್ತಿತ್ತು," ಅಂದಳು ಅಮ್ಮ. ಮಗಳು ನನ್ನ ಮುಖ ನೋಡಿದಳು. ನಾನು ಚಪ್ಪಲಿಯ ಮರಳು ಕೊಡವಿದೆ.

ನನ್ನ ವಾಟ್ಸಾಪ್ ಹೆಬ್ಬೆಟ್ಟಿನ ಬಗ್ಗೆ ಅವರಿಬ್ಬರಿಗೂ ಹೇಳಲಿಲ್ಲ.

ಸ್ವಲ್ಪ ಆಚೆ ಮಡಚುವ ಕುರ್ಚಿಯಲ್ಲಿ ಒಬ್ಬ ವಯಸ್ಸಾದ ಕರಿಯ ಹೆಂಗಸು ಕೂತಿದ್ದರು. ದೊಡ್ಡ ಹುಲ್ಲಿನ ಟೋಪಿ. ಅಮ್ಮನ ಕೈಯಲ್ಲಿದ್ದ ಪೊಟ್ಟಣ ನೋಡಿ ಜೋರಾಗಿ ನಕ್ಕು ಏನೋ ಅಂದರು. ಅವರ ಇಂಗ್ಲಿಷಿನ ರಾಗ ನನಗೇ ಪೂರ್ತಿ ಹಿಡಿಯಲಿಲ್ಲ. ಅಮ್ಮ ಯಾವ ಸಂಕೋಚವೂ ಇಲ್ಲದೆ ಹತ್ತಿರ ಹೋಗಿ ಪೊಟ್ಟಣ ಚಾಚಿದಳು. ಅವರು ಒಂದು ಕಾಯಿ ತಗೊಂಡು, ಬೆರಳಿನಿಂದ ಒಡೆದು, ಮೊದಲು ಒಳಗಿನ ಉಪ್ಪುನೀರು ಹೀರಿ, ಆಮೇಲೆ ಬೀಜ ತಿಂದರು. ಅಮ್ಮ ತಿನ್ನುವುದೂ ಥೇಟ್ ಹಾಗೆಯೇ.

ನಂತರ ಅವರು ನನ್ನ ಕಡೆ ತಿರುಗಿ ಒಂದು ಪ್ರಶ್ನೆ ಕೇಳಿದರು. ಎಲ್ಲಿಂದ ಬಂದಿರಿ ಅಂತ ಅಲ್ಲ. ಅದಕ್ಕಾಗಿದ್ದರೆ ಎಂದಿನಂತೆ "ಶಾರ್ಲೆಟ್" ಅಂತ ಗಂಟುಮುಖ ಹಾಕಿ ಹೇಳುತ್ತಿದ್ದೆ. ಅವರು ಕೇಳಿದ್ದು, ಅಮ್ಮನ ಜನ ಯಾರು ಅಂತ. ಇಲ್ಲಿನ ಹಳಬರು ಹಾಗೆ ಕೇಳುತ್ತಾರೆ. ನಾನು ಅಮ್ಮನಿಗೆ ಹೇಳಿದೆ: "ಯಾರ ಪೈಕಿ ಅಂತ ಕೇಳ್ತಿದಾರಮ್ಮ."

ಅಮ್ಮನ ಮುಖ ಅರಳಿತು. ಮೂರು ತಿಂಗಳಲ್ಲಿ ಅಮೆರಿಕದಲ್ಲಿ ಯಾರೂ ಅವಳನ್ನು ಇದನ್ನು ಕೇಳಿರಲಿಲ್ಲ. ಮರಳಿನ ಮೇಲೇ ಕೂತು ತವರಿನಿಂದ ಶುರುಮಾಡಿದಳು. ಅವಳ ಅಪ್ಪನ ಹೊಲ, ಏಳು ಮಕ್ಕಳು, ಗಾಣ ಇಟ್ಟುಕೊಂಡಿದ್ದ ದೊಡ್ಡಪ್ಪ, ಎಲ್ಲ. ನಾನು ಮತ್ತು ಮಗಳು ಆದಷ್ಟು ಇಂಗ್ಲಿಷಿಗೆ ತಿರುಗಿಸಿದೆವು. ಅವರೂ ತಮ್ಮದು ಹೇಳಿದರು. ಅವರ ತಾಯಿ ಹೋಟೆಲೊಂದರಲ್ಲಿ ಬಟ್ಟೆ ಒಗೆಯುತ್ತಿದ್ದರಂತೆ, ಗುರುವಾರ ಮಾತ್ರ ರಜೆಯಂತೆ. ಹಗ್ಗ ಎಲ್ಲಿತ್ತು ಅಂತ ಮಗಳು ಕೇಳಿದಳು. ಅವರು ಟೋಪಿ ಸರಿಮಾಡಿಕೊಂಡು ಎಡಗಡೆ ಕೈ ತೋರಿಸಿದರು. ಅಲ್ಲಿ ಒಂದು ಬಿಳಿ ಮಗು ಕೆಂಪು ಬಕೆಟ್ಟಿನಲ್ಲಿ ಮರಳು ತುಂಬುತ್ತಿತ್ತು.

ಹೊರಡುವಾಗ ಅಮ್ಮ ಉಳಿದ ಶೇಂಗಾವನ್ನು ಅವರಿಗೇ ಕೊಟ್ಟು ಬಂದಳು. ಕಾರಿನಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. 17ನೇ ಹೈವೇಗೆ ಬಂದಾಗ ಅಮ್ಮ ಹಿಂದಿನ ಸೀಟಿನಿಂದ ಕೇಳಿದಳು:

"ಶೇಂಗಾ ಎಷ್ಟು ಹೊತ್ತು ಬೇಯಿಸ್ತಾರಂತೆ, ಕೇಳಿದ್ಯಾ?"

"ಮೂರ್ನಾಲ್ಕು ಗಂಟೆಯಂತೆ."

"ಅದಕ್ಕೇ ಮತ್ತೆ," ಅಂದಳು. "ಗ್ಯಾಸ್ ದಂಡ."